ಕೊಂದ ಮೇಲೆ ಕೇಳಿದ ಲೆಕ್ಕ

ಕಲಬುರಗಿಯ ಯಾವುದೇ ಕಚೇರಿಯ ಆವರಣದಲ್ಲಿ 'ಅಮಾನತ್ತು' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, 'ಯಾರು? ಯಾವ ಸಾಹೇಬರು?' ಎಂಬ ಪ್ರಶ್ನೆ ಹುಟ್ಟುತ್ತದೆ. ಇಂದಿನ ಕನ್ನಡದಲ್ಲಿ ಈ ಮಾತಿಗೆ ಹೆಚ್ಚಾಗಿ ಉಳಿದಿರುವ ಅರ್ಥ, ತಪ್ಪಿನ ಆರೋಪ ಬಂದ ನೌಕರನನ್ನು ಕೆಲಸದಿಂದ ದೂರ ಇಡುವುದು. ಇದೇ ನಗರದ ಉರ್ದು ಮಾತನಾಡುವ ಮನೆಗೆ ಹೋದರೆ 'ಅಮಾನತ್' ಎಂಬುದರ ಅರ್ಥವೇ ಬೇರೆ. ನೆರೆಮನೆಯವರು ಊರಿಗೆ ಹೋಗುವಾಗ ನಂಬಿ ಇಟ್ಟುಹೋದ ಒಡವೆ ಅಮಾನತ್. ತಂದೆಯಿಲ್ಲದ ಮಗುವಿನ ಆಸ್ತಿ ಅಮಾನತ್. ಕೊಟ್ಟವರು ಕೇಳಿದ ದಿನ ಕೊಟ್ಟಂತೆಯೇ ಮರಳಿಸಬೇಕಾದದ್ದು ಅಮಾನತ್. ಅದನ್ನು ತಿಂದುಹಾಕಿದರೆ 'ಖಯಾನತ್', ಅಂದರೆ ನಂಬಿಕೆದ್ರೋಹ.

ಒಂದು ಮಾತು ನಂಬಿಕೆಯಿಂದ ಹೊರಟು ಆರೋಪದಲ್ಲಿ ಬಂದು ನಿಂತಿದೆ. ಇದು ಭಾಷೆಯ ಆಟ ಇರಬಹುದು. ಆದರೆ ನಮ್ಮ ಭಾಗದ ಇತಿಹಾಸವನ್ನು ನೋಡಿದರೆ, ಸರ್ಕಾರದ ಹಣವನ್ನು ನಂಬಿ ಒಪ್ಪಿಸಿದವರಿಂದ ಲೆಕ್ಕ ಕೇಳುವ ವಿಷಯದಲ್ಲಿ ನಾವು ನಡೆದ ದಾರಿಯೂ ಹೀಗೆಯೇ ಅಂಕುಡೊಂಕಾಗಿದೆ.

ಲೆಕ್ಕ ಎಂಬುದು ಈ ನೆಲಕ್ಕೆ ಹೊಸದಲ್ಲ. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ಖಜಾನೆ, ತಹಸೀಲು, ದಫ್ತರು, ಜಮಾಬಂದಿ ಇವೆಲ್ಲ ಅರಬ್ಬಿ, ಫಾರಸಿಗಳಿಂದ ಬಂದು ನಮ್ಮ ರೈತನ ಬಾಯಲ್ಲಿ ಅಚ್ಚ ಕನ್ನಡವಾಗಿ ಹೋಗಿವೆ. ಲೆಕ್ಕದ ಮಾತುಗಳು ಇಷ್ಟೊಂದು ಇದ್ದೂ ಲೆಕ್ಕ ಕೇಳುವ ಅಭ್ಯಾಸ ಯಾಕೆ ಬೆಳೆಯಲಿಲ್ಲ?

ಒಂದು ದಾರಿ, ಇಬ್ಬರು ಭಂಡಾರಿಗಳು

ಕಲಬುರಗಿಯಿಂದ ಈಶಾನ್ಯಕ್ಕೆ ಹೊರಟರೆ ಮಹಾಗಾಂವ ದಾಟಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಗೆ ಹೆಸರಾದ ಊರು. ಹಿಂದೆ ಕಲಬುರಗಿ ತಾಲ್ಲೂಕಿನ ಹೋಬಳಿಯಾಗಿದ್ದು, 2018ರಲ್ಲಿ ಹೊಸ ತಾಲ್ಲೂಕುಗಳು ಆದಾಗ ತಾನೇ ತಾಲ್ಲೂಕಾಯಿತು. ಇಲ್ಲಿಂದ ಮುಂದೆ ಹುಮನಾಬಾದಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಬಸವಕಲ್ಯಾಣಕ್ಕೆ, ಇನ್ನೊಂದು ಬೀದರಿಗೆ. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳು 1420ರ ದಶಕದಲ್ಲಿ ಬೀದರಿಗೆ ಹೋದಾಗ ಅವರ ಖಜಾನೆಯೂ ಈ ದಿಕ್ಕಿನಲ್ಲೇ ಸಾಗಿರಬೇಕು.

ಈ ಎರಡು ಕವಲುಗಳ ತುದಿಯಲ್ಲಿ ಇಬ್ಬರು ದೊಡ್ಡವರ ನೆನಪಿದೆ. ಇಬ್ಬರ ಕೈಯಲ್ಲೂ ರಾಜ್ಯದ ಹಣವಿತ್ತು. ಇಬ್ಬರ ಮೇಲೂ ದರಬಾರಿನವರು ದೊರೆಯ ಕಿವಿಯಲ್ಲಿ ದೂರು ಊದಿದರು.

ಮೊದಲನೆಯವರು ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು. ಅರಮನೆಯ ಹಣವನ್ನು ಅವರು ಜಂಗಮರಿಗೆ ಸುರಿಯುತ್ತಿದ್ದಾರೆ ಎಂಬ ದೂರು ಬಿಜ್ಜಳನಿಗೆ ಹೋಯಿತೆಂದು ಬಸವ ಪುರಾಣಗಳು ಹೇಳುತ್ತವೆ. ಬಿಜ್ಜಳ ಲೆಕ್ಕ ಕೇಳಿದ. ಭಂಡಾರದ ಪೆಟ್ಟಿಗೆಗಳನ್ನು ತೆರೆದು ಎಣಿಸಲಾಯಿತು. ಒಂದು ಕಾಸೂ ಕಡಿಮೆ ಇರಲಿಲ್ಲ. ಪುರಾಣಕಾರರು ಇದನ್ನು ಪವಾಡವಾಗಿ ಹೇಳಿದ್ದಾರೆ. ಪವಾಡವನ್ನು ಬದಿಗಿಟ್ಟರೂ ಕಥೆಯಲ್ಲಿ ಗಮನಿಸಬೇಕಾದ ಒಂದು ಕ್ರಮವಿದೆ. ದೂರು ಬಂತು, ಲೆಕ್ಕ ನೋಡಿದರು, ಆಮೇಲೆ ತೀರ್ಮಾನವಾಯಿತು. ಕಲ್ಯಾಣದಲ್ಲಿ ಮುಂದೆ ನಡೆದ ರಕ್ತಪಾತಕ್ಕೆ ಕಾರಣಗಳು ಬೇರೆ. ಆದರೆ ಜನಮನ ತನ್ನ ಭಂಡಾರಿಯ ಪ್ರಾಮಾಣಿಕತೆಯನ್ನು ನೆನಪಿಟ್ಟುಕೊಂಡದ್ದು ಒಂದು ತಪಾಸಣೆಯ ಕಥೆಯ ಮೂಲಕ ಎಂಬುದು ಸಣ್ಣ ಮಾತಲ್ಲ.

ಎರಡನೆಯವರು ಬೀದರಿನ ವಜೀರ ಖ್ವಾಜಾ ಮಹಮೂದ್ ಗವಾನ್. ಅವರ ಕಥೆಯಲ್ಲಿ ಈ ಕ್ರಮವೇ ತಲೆಕೆಳಗಾಯಿತು.

ಕಾಗದದ ಮೇಲಿನ ಸೈನಿಕರು

ಗವಾನ್ ಇರಾನಿನ ಗೀಲಾನ್ ಸೀಮೆಯವರು. ವ್ಯಾಪಾರಿಯಾಗಿ 1450ರ ದಶಕದಲ್ಲಿ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದರು. ತಮ್ಮ ವಿದ್ಯೆ, ನಡತೆಗಳಿಂದ ಮೇಲೇರುತ್ತ ಮೂರನೆಯ ಮುಹಮ್ಮದ್ ಶಾಹನ ಕಾಲದಲ್ಲಿ ರಾಜ್ಯದ ಹೊಣೆಯನ್ನೆಲ್ಲ ಹೊತ್ತ ವಜೀರರಾದರು. 1472ರಲ್ಲಿ ಅವರು ಕಟ್ಟಿಸಿದ ಮದರಸಾ ಇಂದಿಗೂ ಬೀದರಿನಲ್ಲಿ ನಿಂತಿದೆ. ಪ್ರವಾಸಿಗರು ಅದರ ಮಿನಾರನ್ನು ನೋಡಿ ಹೋಗುತ್ತಾರೆ. ಅವರು ಮಾಡಿದ ಇನ್ನೊಂದು ದೊಡ್ಡ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ಅದು ಲೆಕ್ಕದ ಕೆಲಸ.

ಆಗ ಬಹಮನಿ ರಾಜ್ಯದಲ್ಲಿ ನಾಲ್ಕು ತರಫ್‌ಗಳಿದ್ದವು. ಪ್ರತಿ ತರಫ್‌ದಾರನೂ ತನ್ನ ಸೀಮೆಯ ಕಂದಾಯ ವಸೂಲು ಮಾಡಿ, ಸೈನ್ಯ ಸಾಕಿ, ಕೋಟೆಗಳನ್ನೆಲ್ಲ ಕೈಯಲ್ಲಿಟ್ಟುಕೊಂಡು ಸಣ್ಣ ಸುಲ್ತಾನನಂತೆಯೇ ಇದ್ದ. ಎಷ್ಟು ಬಂತು, ಎಷ್ಟು ಹೋಯಿತು ಎಂದು ಕೇಳುವವರಿಲ್ಲ. ಗವಾನ್ ನಾಲ್ಕು ತರಫ್‌ಗಳನ್ನು ಎಂಟು ಮಾಡಿದರು. ನಮ್ಮ ಗುಲ್ಬರ್ಗ ತರಫ್ ಒಡೆದು ಗುಲ್ಬರ್ಗ ಮತ್ತು ಬಿಜಾಪುರ ಎಂದು ಎರಡಾಯಿತು. ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಉಳಿಯಬೇಕು, ಉಳಿದ ಕೋಟೆಗಳ ಕಿಲ್ಲೇದಾರರನ್ನು ಸುಲ್ತಾನನೇ ನೇಮಿಸಬೇಕು ಎಂದಾಯಿತು. ಭೂಮಿಯನ್ನು ಅಳೆಸಿದರು. ಪ್ರತಿ ತರಫ್‌ನಲ್ಲಿ ಕೆಲವು ಊರುಗಳ ಕಂದಾಯ ನೇರವಾಗಿ ಖಜಾನೆಗೆ ಬರುವಂತೆ ಮಾಡಿದರು.

ಇವೆಲ್ಲಕ್ಕಿಂತ ಹೆಚ್ಚು ಕಚ್ಚಿದ್ದು ಸೈನ್ಯದ ಲೆಕ್ಕ. ಸರದಾರರು ಇಂತಿಷ್ಟು ಸೈನಿಕರನ್ನು ಸಾಕುತ್ತೇವೆಂದು ಹೇಳಿ ಅದಕ್ಕೆ ತಕ್ಕ ಹಣ ಅಥವಾ ಜಹಗೀರು ಪಡೆಯುತ್ತಿದ್ದರು. ಹಣ ಪೂರ್ತಿ, ಸೈನಿಕರು ಅರ್ಧ. ಇತಿಹಾಸಕಾರ ಫಿರಿಶ್ತಾ ಬರೆಯುವಂತೆ ಗವಾನ್ ಐನೂರು ಸೈನಿಕರ ಸರದಾರನಿಗೆ ಕೊಡುವ ಹಣವನ್ನು 1 ಲಕ್ಷ ಹೊನ್ನಿನಿಂದ 1 ಲಕ್ಷ 25 ಸಾವಿರಕ್ಕೆ ಏರಿಸಿದರು. ಜೊತೆಗೆ, ಎಣಿಸಿದಾಗ ಎಷ್ಟು ಸೈನಿಕರು ಕಡಿಮೆ ಬೀಳುತ್ತಾರೋ ಅಷ್ಟು ಹಣವನ್ನು ಕಡಿತ ಮಾಡುವ ನಿಯಮ ತಂದರು. ಕೊಡುವುದನ್ನು ಧಾರಾಳವಾಗಿ ಕೊಡು, ಕೊಟ್ಟದ್ದಕ್ಕೆ ಲೆಕ್ಕ ಕೇಳು ಎಂಬ ನೀತಿ ಇದು. ಐನೂರೈವತ್ತು ವರ್ಷಗಳ ಹಿಂದಿನ ಈ ಯೋಚನೆಯನ್ನು ಕಂಡಾಗ ಆಶ್ಚರ್ಯವಾಗುತ್ತದೆ.

ಇಂಥ ನಿಯಮದಿಂದ ಯಾರಿಗೆ ಸಿಟ್ಟು ಬರುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಆದರೆ 'ನಮ್ಮ ಕಳ್ಳಲೆಕ್ಕ ಹಿಡಿದರು' ಎಂದು ಬಹಿರಂಗವಾಗಿ ಸಿಟ್ಟಾಗುವುದು ಸಾಧ್ಯವೆ? ಸಿಟ್ಟಿಗೆ ಬೇರೊಂದು ಬಟ್ಟೆ ತೊಡಿಸಬೇಕಾಯಿತು. ಆ ಬಟ್ಟೆ ಸಿದ್ಧವಾಗಿಯೇ ಇತ್ತು. ಬಹಮನಿ ದರಬಾರಿನಲ್ಲಿ ಎರಡು ಬಣಗಳು. ಇಲ್ಲಿ ನೆಲೆನಿಂತ ದಖನಿಗಳು ಒಂದು ಕಡೆ, ಇರಾನ್, ಅರಬ್ ಮುಂತಾದ ಕಡೆಗಳಿಂದ ಬಂದ ಆಫಾಕಿಗಳು ಇನ್ನೊಂದು ಕಡೆ. ಗವಾನ್ ಎರಡೂ ಬಣಕ್ಕೆ ಸಮನಾಗಿ ಹುದ್ದೆ ಹಂಚಲು ನೋಡಿದರು. ಆದರೂ ಅವರು ಹೊರಗಿನವರು ಎಂಬ ಮಾತು ಸುಲಭವಾಗಿ ಹರಡಿತು. ಲೆಕ್ಕದ ಜಗಳ 'ನಮ್ಮವ, ಅವರವ' ಎಂಬ ಜಗಳವಾಯಿತು.

ಅವರ ಮುದ್ರೆ ಕಾಯುವವನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡು, ಅದರ ಮೇಲೆ ಒರಿಸ್ಸಾದ ರಾಜನಿಗೆ ದಂಡೆತ್ತಿ ಬರುವಂತೆ ಕರೆಯುವ ಪತ್ರ ಬರೆದರು. ಆ ಪತ್ರ ಸುಲ್ತಾನನ ಕೈಸೇರಿತು. 1481ರ ಏಪ್ರಿಲ್ 5ರಂದು ಗವಾನರನ್ನು ಎದುರಿಗೆ ಕರೆಸಲಾಯಿತು. ಮುದ್ರೆ ನನ್ನದು, ಬರೆಹ ನನ್ನದಲ್ಲ ಎಂದರು ವಜೀರರು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆ ಮಾಡಲಿಲ್ಲ. ಸುಮಾರು ಎಪ್ಪತ್ತರ ವಯಸ್ಸಿನ ಆ ಮುದುಕರ ತಲೆ ಅಲ್ಲಿಯೇ ಬಿತ್ತು.

ಎರಡು ಖಜಾನೆಗಳು

ಆಮೇಲೆ ಸುಲ್ತಾನನಿಗೆ ಲೆಕ್ಕದ ನೆನಪಾಯಿತು. ಇಷ್ಟು ವರ್ಷ ವಜೀರನಾಗಿದ್ದವನ ಮನೆಯಲ್ಲಿ ಎಷ್ಟು ಕೂಡಿರಬೇಡ ಎಂದುಕೊಂಡು ಗವಾನರ ಖಜಾಂಚಿ ನಿಜಾಮುದ್ದೀನ್ ಹಸನ್ ಗೀಲಾನಿಯನ್ನು ಕರೆಸಿದ. ಖಜಾಂಚಿ ಲೆಕ್ಕ ಒಪ್ಪಿಸಿದ. ನಮ್ಮ ಧಣಿಗಳಿಗೆ ಎರಡು ಖಜಾನೆಗಳಿದ್ದವು ಎಂದ. ಒಂದರ ಹೆಸರು ಸುಲ್ತಾನರ ಖಜಾನೆ. ಅದರಿಂದ ಸೈನ್ಯ, ಕುದುರೆ ಲಾಯಗಳ ಖರ್ಚು ನಡೆಯುತ್ತಿತ್ತು. ಇನ್ನೊಂದರ ಹೆಸರು ಬಡವರ ಖಜಾನೆ. ಅದರಲ್ಲಿ ಈಗ ಮೊಹರು ಹಾಕಿದ ಒಂದು ಚೀಲದಲ್ಲಿ 300 ಲಾರಿ ಇವೆ.

ಲಾರಿ ಎಂದರೆ ರಸ್ತೆಯ ಮೇಲಿನ ವಾಹನವಲ್ಲ. ಅದು ಬಗ್ಗಿಸಿದ ತಂತಿಯ ಆಕಾರದ ಬೆಳ್ಳಿಯ ನಾಣ್ಯ. ಪರ್ಷಿಯಾ ಕೊಲ್ಲಿ ಮತ್ತು ನಮ್ಮ ಪಶ್ಚಿಮ ಕರಾವಳಿಯ ವ್ಯಾಪಾರದಲ್ಲಿ ಓಡಾಡುತ್ತಿತ್ತು. ಗವಾನ್ ತಾಯ್ನಾಡಿನಿಂದ ಬರುವಾಗ 40,000 ಲಾರಿ ಬಂಡವಾಳ ತಂದಿದ್ದರು. ಅದನ್ನು ವ್ಯಾಪಾರದಲ್ಲಿ ತೊಡಗಿಸಿದ್ದರು. ಅದರ ಲಾಭದಿಂದ ದಿನಕ್ಕೆ 12 ಲಾರಿ ಮನೆಯ ಅಡಿಗೆಗೆ ಹೋಗುತ್ತಿತ್ತು. ಜಹಗೀರಿನಿಂದ ಬಂದದ್ದರಲ್ಲಿ ಸೈನ್ಯದ ಖರ್ಚು ಕಳೆದು ಉಳಿದದ್ದನ್ನು ಸುಲ್ತಾನನ ಹೆಸರಿನಲ್ಲಿ ಬಡವರಿಗೆ ಹಂಚುತ್ತಿದ್ದರು. ಮಲಗುತ್ತಿದ್ದುದು ಚಾಪೆಯ ಮೇಲೆ, ಬಳಸುತ್ತಿದ್ದುದು ಮಣ್ಣಿನ ಪಾತ್ರೆ.

ಫಿರಿಶ್ತಾ ಇದನ್ನು ಬರೆದದ್ದು ಘಟನೆ ನಡೆದ ನೂರಿಪ್ಪತ್ತು ವರ್ಷಗಳಿಗೂ ಆಚೆ, ಬಿಜಾಪುರದಲ್ಲಿ ಕುಳಿತು. ಗವಾನರ ಮೇಲಿನ ಗೌರವದಿಂದ ಒಂದಿಷ್ಟು ಬಣ್ಣ ಸೇರಿರಬಹುದು. ಆದರೆ ಕಥೆಯ ಮುಖ್ಯ ಎಳೆ ಅವರು ಎಷ್ಟು ಬಡವರಾಗಿದ್ದರು ಎಂಬುದಲ್ಲ. ತನ್ನ ಹಣ, ರಾಜ್ಯದ ಹಣ ಎಂದು ಬೇರೆ ಬೇರೆ ಇಟ್ಟಿದ್ದರು ಎಂಬುದು. ಕೇಳಿದ ಗಳಿಗೆಯಲ್ಲೇ ಬಾಯಿಪಾಠವಾಗಿ ಒಪ್ಪಿಸುವಷ್ಟು ಲೆಕ್ಕ ಸ್ಪಷ್ಟವಾಗಿತ್ತು ಎಂಬುದು. ಸುಲ್ತಾನ ಅದೇ ಪ್ರಶ್ನೆಯನ್ನು ಒಂದು ದಿನ ಮೊದಲು ಕೇಳಿದ್ದರೆ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಮರುವರ್ಷವೇ ಸುಲ್ತಾನ ಪಶ್ಚಾತ್ತಾಪದಲ್ಲಿ ಸತ್ತ. ಗವಾನ್ ಹತೋಟಿಯಲ್ಲಿಟ್ಟಿದ್ದ ಸರದಾರರು ತಮ್ಮ ತಮ್ಮ ಸೀಮೆಗಳಿಗೆ ತಾವೇ ಒಡೆಯರಾದರು. ಹತ್ತು ವರ್ಷಗಳಲ್ಲಿ ರಾಜ್ಯ ಬಿರುಕುಬಿಟ್ಟಿತು.

ಲೆಕ್ಕ ಬಹಿರಂಗವಾಗಿ ಇಲ್ಲದ ಕಡೆ ಬಣ ತೀರ್ಪು ಕೊಡುತ್ತದೆ. ಕಳ್ಳನೂ ಬಣದ ಬಲದಿಂದ ಉಳಿಯುತ್ತಾನೆ, ಪ್ರಾಮಾಣಿಕನೂ ಬಣದ ದ್ವೇಷದಿಂದ ಸಾಯುತ್ತಾನೆ. ಗವಾನರ ಕಥೆಯಿಂದ ನಾವು ಕಲಿಯಬೇಕಾದದ್ದು ಇದು.

ಲಂಡನ್ನಿನ ಬ್ಯಾಂಕಿನಲ್ಲಿ ನಮ್ಮ ಕಂದಾಯ

ಬಹಮನಿಗಳಾದ ಮೇಲೆ ಆದಿಲಶಾಹಿಗಳು, ಮೊಗಲರು, ಕೊನೆಗೆ ಆಸಫ್‌ಜಾಹಿಗಳು ಬಂದರು. ಹತ್ತೊಂಬತ್ತನೇ ಶತಮಾನದ ನಡುವಿಗೆ ಹೈದರಾಬಾದ್ ಸಂಸ್ಥಾನದ ಕಂದಾಯವೇ ಗುತ್ತಿಗೆಯಾಗಿ ಹೋಗಿತ್ತು. ಇಜಾರೆ ಹಿಡಿದವನು ರೈತನಿಂದ ಎಷ್ಟು ಹಿಂಡಿದ, ಖಜಾನೆಗೆ ಎಷ್ಟು ಕಟ್ಟಿದ ಎಂಬುದಕ್ಕೆ ಲೆಕ್ಕವಿರಲಿಲ್ಲ. ಸಾಲ ಕೊಟ್ಟ ಅರಬ್, ಪಠಾಣ ಜಮಾದಾರರ ಕೈಯಲ್ಲಿ ಎಷ್ಟೋ ತಾಲ್ಲೂಕುಗಳು ಒತ್ತೆಯಾಗಿದ್ದವು. 1853ರಲ್ಲಿ ಇಪ್ಪತ್ತನಾಲ್ಕರ ಹರೆಯದಲ್ಲಿ ದಿವಾನರಾದ ಮೊದಲನೆಯ ಸಾಲಾರ್ ಜಂಗ್ ಈ ಗುತ್ತಿಗೆಯನ್ನು ತೆಗೆದು, ಸಂಬಳದ ತಾಲ್ಲೂಕುದಾರರನ್ನು ನೇಮಿಸಿ, 1865ರ ಜಿಲ್ಲಾಬಂದಿಯಿಂದ ಆಡಳಿತಕ್ಕೆ ಒಂದು ಚೌಕಟ್ಟು ತಂದರು. ಮುಂದೆ ಗುಲ್ಬರ್ಗ ಸುಭಾದ ಕೇಂದ್ರವಾಯಿತು. ಇಷ್ಟಾದರೂ ಸಂಸ್ಥಾನದ ದೊಡ್ಡ ಪಾಲು ಜಹಗೀರು, ಪಾಯಗಾ ಮತ್ತು ನಿಜಾಮರ ಸ್ವಂತದ ಸರ್ಫೆ ಖಾಸ್ ಆಗಿಯೇ ಉಳಿಯಿತು. ಅಲ್ಲಿಯ ರೈತ ಕೊಟ್ಟದ್ದು ಸಂಸ್ಥಾನದ ಖಜಾನೆಗೆ ಸೇರುತ್ತಿರಲಿಲ್ಲ. 1949ರಲ್ಲಿ ಸರ್ಫೆ ಖಾಸ್ ಸರ್ಕಾರದಲ್ಲಿ ವಿಲೀನವಾಗಿ, ಅದೇ ವರ್ಷ ಜಹಗೀರುಗಳು ರದ್ದಾಗುವವರೆಗೂ ಹೀಗೆಯೇ ನಡೆಯಿತು.

ಆ ಸಂಸ್ಥಾನದ ಕೊನೆಯ ದಿನಗಳ ಒಂದು ಹಣದ ಕಥೆ ಗವಾನರ ಕಥೆಗೆ ಕನ್ನಡಿ ಹಿಡಿದಂತಿದೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಶರಣಾಯಿತು. ಮೂರು ದಿನಗಳ ನಂತರ ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಬ್ಯಾಂಕಿನಲ್ಲಿದ್ದ ಸಂಸ್ಥಾನದ 10 ಲಕ್ಷ 7 ಸಾವಿರದ 940 ಪೌಂಡ್ ಹಣ ಬ್ರಿಟನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಹಬೀಬ್ ರಹಿಮತುಲ್ಲಾ ಅವರ ಖಾತೆಗೆ ಹೋಯಿತು. ವರ್ಗಾಯಿಸಿದವರು ಸಂಸ್ಥಾನದ ಹಣಕಾಸು ಮಂತ್ರಿ ಮೊಯಿನ್ ನವಾಜ್ ಜಂಗ್. ನಾನು ಇದಕ್ಕೆ ಒಪ್ಪಿಗೆ ಕೊಟ್ಟಿಲ್ಲ, ಹಣ ಹಿಂದಿರುಗಿಸಿ ಎಂದು ನಿಜಾಮರು ಕೆಲವೇ ದಿನಗಳಲ್ಲಿ ಕೇಳಿದರು. ಬ್ಯಾಂಕು ಯಾರಿಗೂ ಕೊಡಲಿಲ್ಲ. 1957ರಲ್ಲಿ ವಿಷಯ ಬ್ರಿಟನ್ನಿನ ಲಾರ್ಡ್ಸ್ ಸಭೆಯ ಪೀಠದ ಮುಂದೆ ಹೋದಾಗ, ಪಾಕಿಸ್ತಾನ ಸಾರ್ವಭೌಮ ರಾಷ್ಟ್ರ, ಅದನ್ನು ಇಲ್ಲಿಯ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ ಎಂದಾಯಿತು. ಹಣ ಬಡ್ಡಿ ಬೆಳೆಸುತ್ತ ಕುಳಿತಿತು.

ಕೊನೆಗೆ 2019ರ ಅಕ್ಟೋಬರ್ 2ರಂದು ಲಂಡನ್ನಿನ ಹೈಕೋರ್ಟು ತೀರ್ಪು ಕೊಟ್ಟಿತು. ಆ ಹಣವನ್ನು ಹೈಕಮಿಷನರ್ ಪಡೆದದ್ದು ನಿಜಾಮರ ಪರವಾಗಿ ಇಟ್ಟುಕೊಳ್ಳುವ ಹೊಣೆಯೊಂದಿಗೆ, ತಮ್ಮದಾಗಿಸಿಕೊಳ್ಳಲು ಅಲ್ಲ ಎಂಬುದು ತೀರ್ಪಿನ ತಿರುಳು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ, ಅದು ಅಮಾನತ್ ಆಗಿತ್ತು. ಅಷ್ಟರಲ್ಲಿ ಅದು ಸುಮಾರು 3.5 ಕೋಟಿ ಪೌಂಡ್ ಆಗಿತ್ತು. ಭಾರತ ಸರ್ಕಾರಕ್ಕೂ ನಿಜಾಮರ ವಂಶಸ್ಥರಿಗೂ ಹಕ್ಕು ಸಿಕ್ಕಿತು. ಒಂದು ಅಮಾನತ್ತಿನ ಲೆಕ್ಕ ಮುಗಿಯಲು ಎಪ್ಪತ್ತೊಂದು ವರ್ಷ. ಆ ಖಜಾನೆಗೆ ಕಂದಾಯ ಕಟ್ಟಿದ ಜಿಲ್ಲೆಗಳಲ್ಲಿ ಗುಲ್ಬರ್ಗವೂ ಒಂದು. ಕಮಲಾಪುರದ ಸುತ್ತಿನ ಕರಿಮಣ್ಣಿನಲ್ಲಿ ಜೋಳ, ತೊಗರಿ ಬೆಳೆದು ಕಂದಾಯ ಕಟ್ಟಿದ ರೈತನಿಗೆ ಲಂಡನ್ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಆ ಹಣದ ಬಗ್ಗೆ ಅವನನ್ನು ಯಾರೂ ಕೇಳಲೂ ಇಲ್ಲ, ಅವನಿಗೆ ಯಾರೂ ಹೇಳಲೂ ಇಲ್ಲ.

ಜಮಾಬಂದಿ ತಿರುಗಿದ ಕಥೆ

ಕೇಳುವ ಹಕ್ಕು ರೈತನ ಕೈಗೆ ಬಂದದ್ದು ತೀರ ಈಚೆಗೆ. 'ಜಮಾಬಂದಿ' ಎಂಬ ಒಂದೇ ಮಾತು ಈ ಬದಲಾವಣೆಯನ್ನು ಹೇಳುತ್ತದೆ. ಹಿಂದಿನ ಕಾಲದಲ್ಲಿ ಜಮಾಬಂದಿ ಎಂದರೆ ವರ್ಷಕ್ಕೊಮ್ಮೆ ಅಧಿಕಾರಿ ಬಂದು ಯಾವ ರೈತ ಸರ್ಕಾರಕ್ಕೆ ಎಷ್ಟು ಕೊಡಬೇಕು ಎಂದು ನಿಗದಿ ಮಾಡುವುದು. ರೈತ ಕೈಕಟ್ಟಿ ನಿಲ್ಲುವುದು, ಸರ್ಕಾರ ಕುರ್ಚಿಯ ಮೇಲೆ ಕೂರುವುದು. 2000ದಲ್ಲಿ ಕರ್ನಾಟಕ ಸರ್ಕಾರ ಪಂಚಾಯತ್ ರಾಜ್ ಕಾನೂನಿನ ಅಡಿಯಲ್ಲಿ ಇದೇ ಹೆಸರಿನಲ್ಲಿ ನಿಯಮಗಳನ್ನು ತಂದಿತು. ಅದರಂತೆ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಗ್ರಾಮ ಪಂಚಾಯತಿ ತನ್ನ ಹಿಂದಿನ ವರ್ಷದ ಜಮಾ ಖರ್ಚಿನ ಪುಸ್ತಕಗಳನ್ನು ಜನರ ಮುಂದೆ ತೆರೆದಿಡಬೇಕು. ಮಾಡಿದ ಕೆಲಸಗಳನ್ನು ಜನರ ಎದುರಲ್ಲೇ ತಪಾಸಣೆ ಮಾಡಬೇಕು. ಮಾತು ಹಳೆಯದೇ, ಆದರೆ ಕುರ್ಚಿ ತಿರುಗಿತು. ಈಗ ಲೆಕ್ಕ ಕೊಡಬೇಕಾದವನು ರೈತನಲ್ಲ, ಸರ್ಕಾರ.

ಇದರ ಹಿಂದೆ ದೇಶದ ಬೇರೆ ಕಡೆಯ ಬಡವರ ಹೋರಾಟವೂ ಇದೆ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಜನಸುನವಾಯಿಗಳನ್ನು ನಡೆಸಿ, ಮಸ್ಟರ್ ರೋಲುಗಳನ್ನು ಊರ ನಡುವೆ ಗಟ್ಟಿಯಾಗಿ ಓದಿಸಿದರು. ಸತ್ತವರ ಹೆಸರಿನಲ್ಲಿ, ಊರುಬಿಟ್ಟವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಬಯಲಾಯಿತು. ಗವಾನರು ಎಣಿಸಲು ಹೊರಟದ್ದು ಕಾಗದದ ಸೈನಿಕರನ್ನು, ಈ ಹೆಣ್ಣುಮಕ್ಕಳು, ಗಂಡುಮಕ್ಕಳು ಎಣಿಸಿದ್ದು ಕಾಗದದ ಕೂಲಿಗಳನ್ನು. ಆ ಹೋರಾಟದ ಫಲವಾಗಿ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆ ಗ್ರಾಮಸಭೆಯ ಸಾಮಾಜಿಕ ಲೆಕ್ಕ ತಪಾಸಣೆಯನ್ನು ಕಾನೂನಿನಲ್ಲೇ ಬರೆಯಿತು. 2006ರ ಫೆಬ್ರವರಿಯಲ್ಲಿ ಆ ಯೋಜನೆ ಶುರುವಾದಾಗ ಕರ್ನಾಟಕದ ಮೊದಲ ಐದು ಜಿಲ್ಲೆಗಳಲ್ಲಿ ಗುಲ್ಬರ್ಗವೂ ಇತ್ತು.

ಕಾನೂನುಗಳಿಗೆ ಇಂದು ಕೊರತೆಯಿಲ್ಲ. ಸರ್ಕಾರಿ ನೌಕರನ ನಂಬಿಕೆದ್ರೋಹಕ್ಕೆ ಜೀವಾವಧಿಯವರೆಗೆ ಶಿಕ್ಷೆ ಕೊಡುವ ಹಳೆಯ ದಂಡಸಂಹಿತೆಯ 409ನೇ ಕಲಮು, 2024ರ ಜುಲೈಯಿಂದ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿ ಮುಂದುವರಿದಿದೆ. ಲೋಕಾಯುಕ್ತ ಕಾನೂನು 1984ರಿಂದ ಇದೆ. 2016ರಲ್ಲಿ ಅದರ ಪೊಲೀಸ್ ಅಧಿಕಾರವನ್ನು ಬೇರೊಂದು ದಳಕ್ಕೆ ಕೊಟ್ಟಿದ್ದನ್ನು 2022ರ ಆಗಸ್ಟಿನಲ್ಲಿ ಹೈಕೋರ್ಟು ರದ್ದುಮಾಡಿ ಮತ್ತೆ ಅದಕ್ಕೇ ಮರಳಿಸಿತು. ಮಹಾಲೇಖಪಾಲರ ವರದಿಗಳು ಪ್ರತಿ ವರ್ಷ ವಿಧಾನಸಭೆಯ ಮೇಜಿನ ಮೇಲೆ ಬರುತ್ತವೆ. ಸುಲ್ತಾನ ಲೆಕ್ಕ ನೋಡದೆ ಕೊಂದ. ನಾವು ಲೆಕ್ಕ ಬರೆಸುತ್ತೇವೆ, ಬರೆದದ್ದನ್ನು ಓದುವುದಿಲ್ಲ, ಓದಿದರೂ ಯಾರನ್ನೂ ಕರೆದು ಕೇಳುವುದಿಲ್ಲ. ಎರಡರಲ್ಲೂ ಲೆಕ್ಕಕ್ಕೆ ಬೆಲೆಯಿಲ್ಲ.

ಈಗ ಇದು ಮೊದಲಿಗಿಂತ ಮುಖ್ಯ. 371ಜೆ ಕಲಮು ಬಂದ ಮೇಲೆ, ಹಿಂದುಳಿದ ನಮ್ಮ ಭಾಗಕ್ಕೆಂದು ಪ್ರತ್ಯೇಕ ಮಂಡಳಿಯಾಗಿ ಅದಕ್ಕೆ ಪ್ರತ್ಯೇಕ ಹಣ ಬರುತ್ತಿದೆ. 2023-24ರ ಬಜೆಟ್ಟಿನಲ್ಲಿ ಘೋಷಿಸಿದ್ದು 5,000 ಕೋಟಿ ರೂಪಾಯಿ. ದಶಕಗಳ ಕಾಲ 'ನಮಗೆ ಕೊಡಲಿಲ್ಲ' ಎಂದು ಕೇಳಿದವರು ನಾವು. ಕೇಳಿದ್ದು ನ್ಯಾಯವೇ. ಕೊಡಲು ಶುರುಮಾಡಿದ ಮೇಲೆ 'ಕೊಟ್ಟದ್ದು ಎಲ್ಲಿ ಹೋಯಿತು' ಎಂದು ಕೇಳುವುದೂ ಅಷ್ಟೇ ನ್ಯಾಯ. ಶಾಲೆಯ ಕೋಣೆ, ಆಸ್ಪತ್ರೆಯ ಮಂಚ, ಊರಿನ ರಸ್ತೆ ಇವೇ ಆ ಲೆಕ್ಕದ ರಸೀದಿಗಳು.

ಇಸ್ಲಾಮಿನ ಆರಂಭದ ಕಾಲದ ಒಂದು ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಝಕಾತ್ ವಸೂಲಿಗೆ ಹೋದ ಒಬ್ಬ ಮರಳಿ ಬಂದು ಇಷ್ಟು ನಿಮ್ಮದು, ಇಷ್ಟು ನನಗೆ ಬಂದ ಉಡುಗೊರೆ ಎಂದನಂತೆ. ಹುದ್ದೆಯಿಲ್ಲದೆ ನಿನ್ನ ತಂದೆತಾಯಿಯ ಮನೆಯಲ್ಲಿ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೆ ಎಂಬುದು ಪ್ರವಾದಿಯವರು ಎತ್ತಿದ ಪ್ರಶ್ನೆ. ಖಲೀಫ ಉಮರ್ ಅವರು ಅಧಿಕಾರಿಗಳನ್ನು ನೇಮಿಸುವಾಗಲೇ ಅವರ ಆಸ್ತಿಯನ್ನು ಬರೆಸಿಡುತ್ತಿದ್ದರು. ಕಾಯಕದ ಹಣಕ್ಕಿಂತ ಹೆಚ್ಚಿನದನ್ನು ಮುಟ್ಟದ ಶರಣರ ನೀತಿಯೂ ಇದಕ್ಕೆ ದೂರದ್ದಲ್ಲ. ಎರಡು ಪರಂಪರೆಗಳನ್ನೂ ನಮ್ಮವೆಂದು ಹೆಮ್ಮೆಪಡುವ ಈ ನಾಡಿನಲ್ಲಿ 'ಸರ್ಕಾರದ ದುಡ್ಡು, ಯಾರಪ್ಪನ ಗಂಟು' ಎಂಬ ಮಾತು ಹೇಗೆ ಸಲೀಸಾಗಿ ಓಡಾಡುತ್ತದೆ? ಅದು ನಮ್ಮಪ್ಪನದೇ ಗಂಟು. ಕಂದಾಯ ಕಟ್ಟಿದ, ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ಕೊಡುವ ಎಲ್ಲರ ಗಂಟು.

ಇದರಲ್ಲಿ ನಾವು ನಮಗೇ ಹಾಕಿಕೊಳ್ಳಬೇಕಾದ ಕಟ್ಟುಪಾಡೊಂದಿದೆ. ಆರೋಪ ನಮ್ಮ ಜಾತಿಯವನ ಮೇಲೆ, ನಮ್ಮ ಪಂಗಡದವನ ಮೇಲೆ ಬಂದಾಗ 'ನಮ್ಮವನನ್ನು ಬಲಿ ಹಾಕುತ್ತಿದ್ದಾರೆ' ಎನ್ನುತ್ತೇವೆ. ಬೇರೆಯವನ ಮೇಲೆ ಬಂದಾಗ 'ಅವರೇ ಹಾಗೆ' ಎನ್ನುತ್ತೇವೆ. ಎರಡೂ ಬೀದರಿನ ದರಬಾರಿನ ಮಾತುಗಳೇ. ಆರೋಪಿ ಯಾರವನೇ ಆಗಲಿ, ಮೊದಲು ಲೆಕ್ಕದ ಪುಸ್ತಕ ತೆರೆಯಲಿ ಎನ್ನುವುದು ಕಠಿಣವೂ ಹೌದು, ದಯೆಯೂ ಹೌದು. ಕಳ್ಳನಿಗೆ ಅದು ಕಠಿಣ. ಪ್ರಾಮಾಣಿಕನಿಗೆ ಅದಕ್ಕಿಂತ ದೊಡ್ಡ ರಕ್ಷಣೆಯಿಲ್ಲ. ಗವಾನರಿಗೆ ಸಿಗದೆ ಹೋದದ್ದು ಆ ರಕ್ಷಣೆ.

ಮುಂದಿನ ಆಗಸ್ಟಿನಲ್ಲಿ ಕಮಲಾಪುರ ತಾಲ್ಲೂಕಿನ ಹಳ್ಳಿಗಳಲ್ಲೂ ಜಮಾಬಂದಿಯ ದಿನ ಬರುತ್ತದೆ. ಆ ದಿನ ಪಂಚಾಯತಿಯ ಮುಂದೆ ಎಷ್ಟು ಜನ ಬಂದು ಕೂರುತ್ತಾರೆ, ಎಷ್ಟು ಜನ ಪುಸ್ತಕ ಕೇಳಿ ಪಡೆದು ಓದುತ್ತಾರೆ, ಓದಲು ಬಾರದವರಿಗೆ ಯಾರು ಓದಿ ಹೇಳುತ್ತಾರೆ ಎಂಬುದರ ಮೇಲೆ 'ಅಮಾನತ್ತು' ಎಂಬ ಮಾತಿಗೆ ಅದರ ಹಳೆಯ ಅರ್ಥ ಮರಳಿ ಬರುವುದು ನಿಂತಿದೆ.